ನೂರನಲವತ್ತು ಕಿಲೋ

ಅಂಗಡಿಯಿಂದ ಹೊಸದಾಗಿ ಬಂದಾಗ ಆ ಬೈಕಿನ ತೂಕ ತೊಂಬತ್ತಾರು ಕಿಲೋ. ಇರ್ಮಾ ತೊಸ್ಸೊಲಿನಿಯ ಲೇತಿನ ಪಕ್ಕದಲ್ಲಿ ಎರಡು ವರ್ಷ ಕಳೆದ ಮೇಲೆ ಅದು ಎಪ್ಪತ್ತೊಂದಕ್ಕೆ ಇಳಿದಿತ್ತು. ದೀಪ, ಹಾರನ್ನು, ಸ್ಟ್ಯಾಂಡು, ಕನ್ನಡಿ ಮೊದಲ ದಿನವೇ ಹೋದವು. ಅವನ್ನು ಯಾರು ಬೇಕಾದರೂ ಬಿಚ್ಚುತ್ತಾರೆ. ಕಷ್ಟಪಟ್ಟು ಇಳಿಸಿದ ತೂಕ ಆಮೇಲಿನದು. ಸೀಟಿನ ಕಬ್ಬಿಣದ ತಳ ತೆಗೆದು ಅಲ್ಲಿ ಒಂದಂಗುಲ ಸ್ಪಂಜು ಅಂಟಿಸಿದಳು. ಸೈಲೆನ್ಸರಿನ ಜಾಗಕ್ಕೆ ತೆಳು ಕೊಳವೆ ಬಂತು. ಹಿಂದಿನ ಚಕ್ರದ ಹಲ್ಲುಗಾಲಿಯನ್ನು ಅಲ್ಯೂಮಿನಿಯಮ್ಮಿನಲ್ಲಿ ತಾನೇ ಕಡೆದಳು. ಉರುಳುವ ಭಾಗದಲ್ಲಿ ಇಳಿಸಿದ ಒಂದು ಕಿಲೋ, ಉರುಳದ ಭಾಗದಲ್ಲಿ ಇಳಿಸಿದ ಎರಡು ಕಿಲೋಗೆ ಸಮ ಎಂಬುದು ಅವಳ ಲೆಕ್ಕ. ಕಾಲಿಡುವ ಪಟ್ಟಿ, ಬ್ರೇಕಿನ ಹಿಡಿ, ಎಂಜಿನ್ ಹಿಡಿದಿಡುವ ತಗಡು, ಎಲ್ಲದರಲ್ಲೂ ಹತ್ತು ಮಿಲಿಮೀಟರಿನ ತೂತುಗಳು. ಪುಯೆರ್ತೊ ಸೌಸೆ ಎಂಬ ಆ ನದಿದಂಡೆಯ ಊರಿನ ಜನ ಆ ಬೈಕಿಗೆ ಜರಡಿ ಎಂದು ಹೆಸರಿಟ್ಟರು.

ಇರ್ಮಾಗೆ ಅರವತ್ತೆರಡು. ತೀರಿಕೊಂಡ ಗಂಡನ ಲೇತು ಅಂಗಡಿಯನ್ನು ಹನ್ನೊಂದು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಳು. ಪರನಾ ನದಿಯ ದೋಣಿಗಳಿಗೆ ಪ್ರೊಪೆಲ್ಲರಿನ ದಂಡ ಕಡೆದುಕೊಡುವುದು ಹೊಟ್ಟೆಪಾಡು, ಭಾನುವಾರದ ಮಣ್ಣಿನ ಅಂಕಣದ ಬೈಕು ಪಂದ್ಯಗಳು ಹುಚ್ಚು. ಬೈಕು ಓಡಿಸುತ್ತಿದ್ದವಳು ಅವಳ ಸೊಸೆ ನೀವೆಸ್. ಮೂವತ್ತೊಂದು ವರ್ಷ, ಊರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ. ಇವರಿಬ್ಬರ ಮಧ್ಯೆ ಡಾರ್ಡೊ. ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡ, ಕಸುಬಿನಲ್ಲಿ ಮೀನುಗಾರ. ಆ ಮನೆಯಲ್ಲಿ ಊಟದ ಹೊತ್ತಿಗೆ ಗ್ರಾಮುಗಳ ಮಾತು ಬಿಟ್ಟು ಬೇರೆ ಮಾತು ಕೇಳಿ ಎರಡು ವರ್ಷವಾಯಿತು ಎಂದು ಅವನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ನೂರಹತ್ತು ಸಿಸಿಯ ವರ್ಗದಲ್ಲಿ ನಿಯಮ ಒಂದೇ ಸಾಲಿನದು. ಪಂದ್ಯ ಮುಗಿದ ಮೇಲೆ ಬೈಕು ಮತ್ತು ಸವಾರ ಇಬ್ಬರನ್ನೂ ಒಟ್ಟಿಗೆ, ಅಂಕಣದಿಂದ ಹೇಗೆ ಬಂದರೋ ಹಾಗೆಯೇ ತೂಗಬೇಕು. ನೂರನಲವತ್ತು ಕಿಲೋಗಿಂತ ಕಡಿಮೆ ಬಂದರೆ ಆ ದಿನದ ಅಂಕವೆಲ್ಲ ಹೋಯಿತು. ನೀವೆಸ್ ತೆಳ್ಳಗಿನ ಹೆಂಗಸು. ಹೆಲ್ಮೆಟ್ಟು, ಬೂಟು, ಚರ್ಮದ ಉಡುಪು ಸೇರಿ ಅರವತ್ತಮೂರು ಕಿಲೋ. ಬೈಕಿನ ಎಪ್ಪತ್ತೊಂದಕ್ಕೆ ಅದನ್ನು ಕೂಡಿಸಿದರೆ ನೂರಮೂವತ್ತನಾಲ್ಕು. ಹೀಗಾಗಿ ಇರ್ಮಾ ಮಗನ ಗಾಳದ ಸೀಸದ ಗುಂಡುಗಳನ್ನು ಕದ್ದು ಕರಗಿಸಿ, ಒಂದೂಮುಕ್ಕಾಲು ಕಿಲೋದ ನಾಲ್ಕು ಗಟ್ಟಿ ಎರಕ ಹೊಯ್ದು, ಎಂಜಿನ್ನಿನ ಅಡಿಗೆ ಬೋಲ್ಟು ಹಾಕಿ ಬಿಗಿದಿದ್ದಳು. ನೂರನಲವತ್ತೊಂದು ಕಿಲೋ. ಒಂದು ಕಿಲೋ ಧೈರ್ಯಕ್ಕೆ.

ಇಪ್ಪತ್ತೈದು ಕಿಲೋ ಇಳಿಸಿ ಏಳು ಕಿಲೋ ಮತ್ತೆ ಏರಿಸುವವಳನ್ನು ಕಂಡು ನಗದವರು ಆ ಭಾಗದ ಗ್ಯಾರೇಜುಗಳಲ್ಲಿ ಇರಲಿಲ್ಲ. ಅವಳು ಜಗಳಕ್ಕೆ ಹೋಗುತ್ತಿರಲಿಲ್ಲ. ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ದೋಣೀಲಿ ಮೂಟೆ ಎಲ್ಲಿಡ್ತೀರಪ್ಪ? ತಳದಲ್ಲೋ, ಮೇಲಿನ ತಗಡಿನ ಮೇಲೋ?"

ನದಿದಂಡೆಯ ಗಂಡಸರಿಗೆ ಅದಕ್ಕೆ ಉತ್ತರ ಗೊತ್ತಿತ್ತು, ಆದ್ದರಿಂದ ಯಾರೂ ಕೊಡುತ್ತಿರಲಿಲ್ಲ.

ನವೆಂಬರಿನ ಮೊದಲ ಭಾನುವಾರ, ವಿಲ್ಲಾ ಓಂಬುವಿನ ಅಂಕಣದಲ್ಲಿ ಆ ವರ್ಷದ ಕೊನೆಯ ಪಂದ್ಯ. ನೀವೆಸ್ ಮೊದಲ ಸ್ಥಾನದಲ್ಲಿದ್ದಳು. ಮೂರು ಅಂಕ ಹಿಂದೆ ಕ್ಲಾವ್ದಿಯೊ ಇಮ್ಹಾಫ್, ಹಾಲಿನ ಲಾರಿ ಓಡಿಸುವ ಇಪ್ಪತ್ತಾರರ ದಾಂಡಿಗ. ಉಳಿದವರು ಬಹಳ ಕೆಳಗೆ. ಇಬ್ಬರಲ್ಲಿ ಯಾರು ಮುಂದೆ ಗುರಿ ಮುಟ್ಟುತ್ತಾರೋ ಅವರಿಗೇ ಪಟ್ಟ. ವಿಲ್ಲಾ ಓಂಬುವಿನ ಕ್ಲಬ್ಬಿನ ಗೋಡೆಯ ಮೇಲೆ ಪ್ರತಿ ವರ್ಷದ ವಿಜೇತರ ಹೆಸರು ಬಣ್ಣದಲ್ಲಿ ಬರೆಯುತ್ತಾರೆ: ಎಡಕ್ಕೆ ಸವಾರ, ಬಲಕ್ಕೆ ಬೈಕು ಸಿದ್ಧಮಾಡಿದವರು. ನಲವತ್ತು ಚಿಲ್ಲರೆ ಸಾಲುಗಳಿದ್ದವು. ಒಂದರಲ್ಲೂ ಪುಯೆರ್ತೊ ಸೌಸೆಯವರು ಇರಲಿಲ್ಲ. ಬಲಗಡೆಯ ಸಾಲಿನಲ್ಲಿ ಒಂದು ಹೆಣ್ಣಿನ ಹೆಸರೂ ಇರಲಿಲ್ಲ. ಇರ್ಮಾ ಬೆಳಿಗ್ಗೆ ಆ ಗೋಡೆಯ ಮುಂದಿನಿಂದಲೇ ಬೈಕು ತಳ್ಳಿಕೊಂಡು ಬಂದಿದ್ದಳು. ತಲೆ ಎತ್ತಿ ನೋಡಲಿಲ್ಲ, ಆದರೆ ಕೊನೆಯ ಸಾಲಿನ ಕೆಳಗೆ ಎಷ್ಟು ಜಾಗ ಉಳಿದಿದೆ ಎಂಬುದು ಅವಳಿಗೆ ಗೊತ್ತಿತ್ತು.

ಹತ್ತು ಗಂಟೆಗೆ ಇಮ್ಹಾಫ್ ಬಂದು ಅವಳ ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅವನು ಬರುವುದು ಹೊಸದಲ್ಲ. ಇರ್ಮಾ ಸೀಟು ತೆಗೆದ ತಿಂಗಳಿಗೆ ಅವನದೂ ಹೋಗಿತ್ತು. ಅವಳು ತೂತು ಕೊರೆದ ತಿಂಗಳಿಗೆ ಅವನ ಬೈಕಿಗೂ ಸಿಡುಬು ಬಂದಿತ್ತು.

"ಏನ್ ದೋನ್ಯಾ ಇರ್ಮಾ, ಹೊಸ ತೂತು ಯಾವ್ದೂ ಕಾಣ್ತಿಲ್ವಲ್ಲ?" ಹಿರಿಯ ಹೆಂಗಸರನ್ನು ಆ ಕಡೆ ದೋನ್ಯಾ ಎಂದೇ ಕರೆಯುವುದು.

"ಇದೆ. ನೀನು ಹುಡುಕೋವಷ್ಟರಲ್ಲಿ ಪಂದ್ಯ ಮುಗ್ದಿರತ್ತೆ."

"ಅಷ್ಟೊಂದು ಕೊರೆದ್ರೆ ಒಂದಿನ ಸೊಸೆನೂ ತೂತಲ್ಲಿ ಬಿದ್ದೋಗ್ತಾಳೆ ನೋಡ್ತಿರಿ."

"ನಿನಗೆ ಆ ಭಯ ಇಲ್ಲ ಬಿಡಪ್ಪ," ಎಂದಳು ನೀವೆಸ್, ಅವನ ಹೊಟ್ಟೆ ನೋಡುತ್ತಾ. ಬೂಟಿನ ಪಟ್ಟಿ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿರಲಿಲ್ಲ. ಇಮ್ಹಾಫ್ ನಕ್ಕು ಹೊರಟ. ಒಳ್ಳೆಯ ಹುಡುಗನೇ. ಕಣ್ಣು ಮಾತ್ರ ಬೇರೆಯವರ ಬೈಕಿನ ಮೇಲೆ.

ಮಧ್ಯಾಹ್ನ ಉತ್ತರದ ಗಾಳಿ ಎದ್ದಿತು, ಬಿಸಿ ಗಾಳಿ. ಅಂದಿನ ಮೊದಲೆರಡು ಪಂದ್ಯಗಳಲ್ಲಿ ಧೂಳು ಎಷ್ಟೆದ್ದಿತೆಂದರೆ ಆರು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಹಾಗಾಗಿ ಕೊನೆಯ ಪಂದ್ಯಕ್ಕೆ ಮೊದಲು ನೀರಿನ ಟ್ಯಾಂಕರು ಎರಡು ಸಲ ಸುತ್ತು ಹಾಕಿತು. ಒಳಗಡೆಯ ದಾರಿ ನೀರು ಕುಡಿದು ಹದವಾಯಿತು. ಹೊರಗಡೆ ಮಾತ್ರ ನೀರು ಇಳಿದುಹೋಗಿ, ಬೇಲಿಯ ಗುಂಟ ಎರಡು ಮೀಟರು ಅಗಲ ಜೇಡಿಮಣ್ಣಿನ ಕೆಸರು ನಿಂತಿತು. ಆ ಭಾಗದ ಜೇಡಿ ಹಿಡಿದರೆ ಬಿಡುವುದಲ್ಲ. ಅದಕ್ಕಾಗಿ ಇರ್ಮಾ ಎಂದಿನಂತೆ ಮಡ್‌ಗಾರ್ಡುಗಳ ಅಡಿಗೆ, ಎಂಜಿನ್ನಿನ ಹೊಟ್ಟೆಗೆ ಬಟ್ಟೆ ಸೋಪು ದಪ್ಪಗೆ ಬಳಿದಳು. ಸೋಪು ಬಳಿದ ಜಾಗದಲ್ಲಿ ಮಣ್ಣು ಕೂರುವುದಿಲ್ಲ. ಒಳಗಿನ ದಾರಿಯಲ್ಲೇ ಓಡುವ ಬೈಕಿಗೆ ಅದು ಬೇಕಾಗಿರಲಿಲ್ಲ, ಆದರೂ ಬಳಿದಳು. ಹೊರಡುವ ಮುಂಚೆ ತೂಕದ ಹಲಗೆಗೆ ಒಯ್ದರು. ನೂರನಲವತ್ತೊಂದು ಕಿಲೋ, ಗೀರಿನ ಮೇಲೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಪಂದ್ಯ ಹನ್ನೆರಡು ಸುತ್ತು. ಏಳುನೂರು ಮೀಟರಿನ ಮೊಟ್ಟೆಯಾಕಾರದ ಅಂಕಣ, ನಾಲ್ಕು ತಿರುವು. ಬಾವುಟ ಬಿದ್ದಾಗ ಹದಿನಾರು ಬೈಕುಗಳು ಒಟ್ಟಿಗೆ ಕಿರುಚಿಕೊಂಡು ಹೊರಟವು. ಮೊದಲ ತಿರುವಿಗೆ ನೀವೆಸ್ ಮೂರನೆಯವಳು, ಎರಡನೆಯ ಸುತ್ತಿಗೆ ಎರಡನೆಯವಳು. ನಾಲ್ಕನೆಯ ಸುತ್ತಿನಲ್ಲಿ ಇಮ್ಹಾಫ್ ಒಳಗಡೆ ಒಂದು ಗೇಣು ಜಾಗ ಬಿಟ್ಟ, ಜರಡಿ ಅಲ್ಲಿ ನುಗ್ಗಿತು. ಭಾರವೆಲ್ಲ ನೆಲದ ಹತ್ತಿರ ಇದ್ದ ಬೈಕು ತಿರುವಿನಲ್ಲಿ ಮಲಗಿ ಎದ್ದ ರೀತಿ ನೋಡಿ ಬೇಲಿಗೆ ಒರಗಿದ್ದ ಗ್ಯಾರೇಜಿನವನೊಬ್ಬ ತಿನ್ನುತ್ತಿದ್ದ ಚೊರಿಪಾನ್, ಸುಟ್ಟ ಮಾಂಸ ತುಂಬಿದ ಬ್ರೆಡ್ಡು, ಕೆಳಗಿಟ್ಟ. ಇರ್ಮಾಗೆ ಅದು ಕಣ್ಣಂಚಿನಲ್ಲಿ ಕಂಡಿತು. ಎರಡು ವರ್ಷದ ನಗುವಿಗೆ ಅದಕ್ಕಿಂತ ಒಳ್ಳೆಯ ಜವಾಬು ಬೇಕಿರಲಿಲ್ಲ.

ಎಂಟನೆಯ ಸುತ್ತಿಗೆ ಅಂತರ ಮೂರು ಬೈಕಿನಷ್ಟು. ಇರ್ಮಾ ಸೊಸೆಗೆ ಸೂಚನೆ ಕೊಡುವ ಕರಿಹಲಗೆಯನ್ನು ಹಿಡಿದು ಬೇಲಿಯ ಹತ್ತಿರ ನಿಂತಿದ್ದಳು. ಪಕ್ಕದಲ್ಲಿ ಡಾರ್ಡೊ ಸುತ್ತು ಎಣಿಸುತ್ತಿದ್ದ, ತಪ್ಪು ತಪ್ಪಾಗಿ.

ಮೂರನೆಯ ತಿರುವಿನಲ್ಲಿ ಒಂದು ಗುಂಡಿ ಬಿದ್ದಿತ್ತು. ಎಂಟನೆಯ ಸುತ್ತಿನಲ್ಲಿ ಜರಡಿಯ ಮುಂದಿನ ಚಕ್ರ ಅದರಲ್ಲಿ ಇಳಿದು ಎದ್ದಿತು, ಹಿಂದಿನ ಚಕ್ರವೂ ಎದ್ದಿತು. ಆಗ ಬೈಕಿನ ಅಡಿಯಿಂದ ಬೂದು ಬಣ್ಣದ ಏನೋ ಒಂದು ಉದುರಿ, ಎರಡು ಪಲ್ಟಿ ಹೊಡೆದು, ಒಳಗಡೆಯ ಹುಲ್ಲಿನ ಮೇಲೆ ಬಿತ್ತು. ಬಾವುಟ ಹಿಡಿದ ಕಾವಲಿನವನು ಓಡಿಹೋಗಿ ಅದನ್ನು ಎತ್ತಿಕೊಂಡ. ಎತ್ತುವಾಗ ಅವನ ತೋಳು ಜಗ್ಗಿದ್ದು ಇರ್ಮಾಗೆ ಅಷ್ಟು ದೂರದಿಂದಲೂ ಕಂಡಿತು. ಸೀಸ.

ಹೇಗೆ ಬಿತ್ತು ಎಂದು ಅವಳು ಒಂದು ಕ್ಷಣವೂ ಯೋಚಿಸಬೇಕಾಗಿರಲಿಲ್ಲ. ಹಿಂದಿನ ಗುರುವಾರ ಸೀಸ ಬಿಟ್ಟು ಬೈಕು ಎಪ್ಪತ್ತೊಂದು ಕಿಲೋ ಮೂವತ್ತು ಗ್ರಾಂ ತೂಗಿತ್ತು. ಆ ಮೂವತ್ತು ಗ್ರಾಂ ಅವಳನ್ನು ಎರಡು ದಿನ ಕಾಡಿತು. ಶನಿವಾರ, ಇಳಿಸುವುದಕ್ಕೆ ಬೇರೇನೂ ಸಿಗದೆ, ಸೀಸ ಹಿಡಿದಿಡುವ ನಾಲ್ಕು ಬೋಲ್ಟುಗಳನ್ನೂ ಲೇತಿಗೆ ಕಟ್ಟಿ ಉದ್ದಕ್ಕೆ ಟೊಳ್ಳು ಮಾಡಿದಳು. ಒಂದೊಂದರಲ್ಲಿ ಒಂಬತ್ತು ಗ್ರಾಂ. ಸೀಸ ಇರುವುದೇ ತೂಕ ಕೂಡಿಸುವುದಕ್ಕೆ. ಅದನ್ನು ಹಿಡಿಯುವ ಬೋಲ್ಟಿನ ತೂಕ ಇಳಿಸುವುದರಲ್ಲಿ ಏನು ಅರ್ಥ ಎಂದು ಆಗ ಅವಳ ತಲೆಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ಕಿವಿ ಬಿಸಿಯಾಯಿತು.

ಆಮೇಲೆ ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡಿತು. ನೂರನಲವತ್ತೊಂದರಲ್ಲಿ ಒಂದೂಮುಕ್ಕಾಲು ಹೋದರೆ ನೂರಮೂವತ್ತೊಂಬತ್ತೂಕಾಲು. ಹನ್ನೆರಡು ಸುತ್ತಿಗೆ ಮುನ್ನೂರೈವತ್ತು ಗ್ರಾಂ ಪೆಟ್ರೋಲು ಉರಿಯುತ್ತದೆ. ನೂರಮೂವತ್ತೆಂಟು ಕಿಲೋ ಒಂಬೈನೂರು. ಒಂದು ಕಿಲೋ ನೂರು ಗ್ರಾಂ ಕಡಿಮೆ.

"ಅಮ್ಮಾ, ಗೆದ್ದಂಗೇ!" ಎಂದು ಡಾರ್ಡೊ ಅವಳ ಭುಜ ಹಿಡಿದು ಅಲುಗಾಡಿಸಿದ.

"ಸೋತಿದೀವಿ," ಎಂದಳು ಇರ್ಮಾ. "ಸುಮ್ನಿರು. ಯೋಚ್ನೆ ಮಾಡ್ತಿದೀನಿ."

ಮುಂದಿದ್ದವಳು ಗೆದ್ದರೂ ಸೋತಳು. ಬಿದ್ದದ್ದನ್ನು ಮತ್ತೆ ಕಟ್ಟುವಂತಿಲ್ಲ. ಪಂದ್ಯದ ನಡುವೆ ಬೈಕಿಗೆ ಕೈ ಹಚ್ಚುವಂತಿಲ್ಲ. ಅಂಕಣದಿಂದ ಹೇಗೆ ಬಂದರೋ ಹಾಗೆ. ಈ ಮಾತನ್ನು ಅವಳು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಮೂರನೆಯ ಸಲ ಹೇಳಿಕೊಳ್ಳುವಾಗ ಅವಳ ಕಣ್ಣು ಬೇಲಿಯ ಗುಂಟ ನೀರು ನಿಂತು ಹೊಳೆಯುತ್ತಿದ್ದ ಆ ಎರಡು ಮೀಟರಿನ ಮೇಲೆ ಹೋಗಿ ನಿಂತಿತು. ಜೂನ್ ತಿಂಗಳ ಮಳೆಯ ಪಂದ್ಯಗಳಲ್ಲಿ ತೂಕ ಕಡಿಮೆಯಾಗಿ ಹೊರಬಿದ್ದವರನ್ನು ಅವಳು ಕಂಡಿರಲೇ ಇಲ್ಲ.

ತೋಳಿನಿಂದ ಕರಿಹಲಗೆ ಒರೆಸಿದಳು. ಸುತ್ತಿನ ಸಂಖ್ಯೆ ಬರೆಯಲಿಲ್ಲ. ಹಲಗೆ ತುಂಬ ಒಂದೇ ಪದ ಬರೆದಳು: ಕೆಸರು.

ಒಂಬತ್ತನೆಯ ಸುತ್ತು ಮುಗಿಸಿ ಬಂದ ನೀವೆಸ್ ಹಲಗೆ ನೋಡಿದಳು. ಹೆಲ್ಮೆಟ್ಟು ಒಂದಿಷ್ಟು ಈ ಕಡೆ ತಿರುಗಿತು. ಹೊರಗಡೆ ಕೆಸರಿದೆ, ಹುಷಾರು ಎಂದು ಅತ್ತೆ ಹೇಳುತ್ತಿದ್ದಾಳೆಂದು ಅವಳು ತಿಳಿದಳು. ತಿಳಿದುಕೊಂಡು ಇನ್ನೂ ಒಳಗೆ ಸರಿದಳು. ಇರ್ಮಾ ಹಲಗೆಯನ್ನು ನೆಲಕ್ಕೆ ಕುಕ್ಕಿದಳು. ಉಳಿದದ್ದು ಮೂರು ಸುತ್ತು. ಸುತ್ತಿಗೆ ಮೂವತ್ತೆಂಟು ಸೆಕೆಂಡು.

ಮೂರನೆಯ ತಿರುವಿನ ಕಾವಲಿನವನು ಸೀಸದ ಗಟ್ಟಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಅದೇನೆಂದು ಅವನಿಗೆ ತಿಳಿದಿರಲಿಲ್ಲ. ಬಹುಶಃ ಪಕ್ಕದವನಿಗೆ ತೋರಿಸುತ್ತಿದ್ದ. ಗುಂಡಿ ತಪ್ಪಿಸಲು ಆ ಕಡೆ ನೋಡಿದ ನೀವೆಸ್‌ಗೆ ಅದು ಕಂಡಿತು. ಕಂಡದ್ದು ಗೊತ್ತಾದದ್ದು ಹೇಗೆಂದರೆ, ಬೈಕಿನ ಸದ್ದು ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ತಗ್ಗಿತು. ಮತ್ತೆ ಏರಿತು. ನಾಲ್ಕನೆಯ ತಿರುವಿಗೆ ಬರುವಾಗ ಜರಡಿ ಒಳಗಿನ ಹದವಾದ ದಾರಿ ಬಿಟ್ಟು, ಅಂಕಣದ ಅಗಲವನ್ನೆಲ್ಲ ಅಡ್ಡ ಹಾಯ್ದು, ನೇರ ಬೇಲಿಯ ಪಕ್ಕದ ಕೆಸರಿಗೆ ಇಳಿಯಿತು.

ಜನ ಹೋ ಎಂದರು. ಡಾರ್ಡೊ ಟೋಪಿ ತೆಗೆದು ಕಚ್ಚಿದ. ಎಲ್ಲಿಗೆ ಹೋಗ್ತಿದಾಳೆ, ಹುಚ್ಚು ಹಿಡಿದಿದೆಯಾ, ಒಳಗೆ ಬಾರೇ ಎಂದು ಕೂಗಿದ. ಇರ್ಮಾ ಕೂಗಲಿಲ್ಲ. ಅವಳು ಜರಡಿಯ ಅಡಿಭಾಗವನ್ನೇ ನೋಡುತ್ತಿದ್ದಳು. ಕೆಸರು ಚಿಮ್ಮಿ ಎಂಜಿನ್ನಿಗೆ ಬಡಿಯುತ್ತಿತ್ತು, ಬಡಿದ ಹಾಗೆಯೇ ಜಾರಿ ಬೀಳುತ್ತಿತ್ತು. ಸೋಪು. ಪಂದ್ಯಕ್ಕೆ ಮುಂಚೆ ತಾನೇ ಬಳಿದ ಸೋಪು. ಮಡ್‌ಗಾರ್ಡಿನ ಒಳಗಿನಿಂದ ಮಣ್ಣಿನ ಹೆಂಟೆಗಳು ಎಣ್ಣೆ ಹಚ್ಚಿದ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದೆದ್ದು ಹೋಗುತ್ತಿದ್ದವು. ಒಂದು ಗ್ರಾಮೂ ನಿಲ್ಲುತ್ತಿರಲಿಲ್ಲ.

ಈ ಹೊತ್ತಿಗೆ ಇಮ್ಹಾಫ್‌ಗೆ ಮುಂದಿನ ದಾರಿ ಖಾಲಿ ಬಿದ್ದಿತ್ತು. ಒಳಗಡೆ ಹಾಗೆಯೇ ಹೋಗಿದ್ದರೆ ಅವನು ಅಲ್ಲೇ ಗೆದ್ದುಬಿಡುತ್ತಿದ್ದ. ಆದರೆ ಎರಡು ವರ್ಷದಿಂದ ಅವನ ಕಣ್ಣು ಒಂದೇ ಪಾಠ ಕಲಿತಿತ್ತು: ತೊಸ್ಸೊಲಿನಿ ಮನೆಯವರು ಏನು ಮಾಡಿದರೂ ಅದರ ಹಿಂದೆ ಏನೋ ಇರುತ್ತದೆ. ನೀವೆಸ್ ಹೊರಗೆ ಹೋದಳೆಂದರೆ ಅಲ್ಲಿ ಹಿಡಿತ ಸಿಕ್ಕಿದೆ. ಅವನೂ ಹೊರಗೆ ತಿರುಗಿದ. ಪೂರ್ತಿ ವೇಗದಲ್ಲಿ ಕೆಸರಿಗೆ ಇಳಿದು, ವೇಗ ತಗ್ಗಿಸಿದ್ದ ಅವಳನ್ನು ದಾಟಿ ಮುಂದೆ ಹೋದ. ಅವನ ಹಿಂದಿನ ಚಕ್ರದಿಂದ ಎದ್ದ ಜೇಡಿಯ ರಾಶಿ ನೀವೆಸ್‌ಳ ಎದೆಗೆ, ತೋಳಿಗೆ, ಹೆಲ್ಮೆಟ್ಟಿಗೆ, ಗಾಜು ಮುಚ್ಚದ ಕೆನ್ನೆಗೆ ಸಲಿಕೆಯಿಂದ ಎಸೆದಂತೆ ಬಂದು ಬಡಿಯಿತು.

ಬೈಕಿಗೆ ಸೋಪು ಬಳಿದಿತ್ತು. ಸೊಸೆಗೆ ಬಳಿದಿರಲಿಲ್ಲ.

ಇರ್ಮಾ ಆಗ ಕೂಗಿದಳು. ಏನು ಕೂಗಿದಳೆಂದು ಆಮೇಲೆ ಅವಳಿಗೆ ನೆನಪಿರಲಿಲ್ಲ. ಬಿಡಬೇಡ, ಅವನ ಹಿಂದೇ ಇರು ಎಂದಳೆಂದು ಡಾರ್ಡೊ ಹೇಳುತ್ತಾನೆ; ಮುಂದೆ ಇದ್ದವಳಿಗೆ ಹಿಂದೇ ಇರು ಎಂದ ಅಮ್ಮನಿಗೆ ಬಿಸಿಲು ತಲೆಗೇರಿದೆ ಎಂದು ಅವನು ನಂಬಿದ್ದನಂತೆ.

ಹನ್ನೊಂದನೆಯ ಸುತ್ತು ಪೂರ್ತಿ ನೀವೆಸ್ ಇಮ್ಹಾಫ್‌ನ ಚಕ್ರದಿಂದ ಒಂದೂವರೆ ಮೀಟರು ಹಿಂದೆ, ಒಂದೇ ಗೆರೆಯಲ್ಲಿ ಓಡಿಸಿದಳು. ಆ ಜಾಗದಲ್ಲಿ ಓಡಿಸುವುದು ಸುಲಭವಲ್ಲ. ಕಣ್ಣು ಕಾಣುವುದಿಲ್ಲ, ಕೆಸರಿನಲ್ಲಿ ಹಿಂದಿನ ಚಕ್ರ ಬಾಲದಂತೆ ಅಲ್ಲಾಡುತ್ತದೆ, ಕೈ ಸ್ವಲ್ಪ ಜಾಸ್ತಿ ತಿರುಗಿದರೆ ಬೇಲಿ. ಕಣ್ಣಿನ ಗಾಜಿನ ಮೇಲೆ ಕೆಸರಿಗೆಂದೇ ಅಂಟಿಸಿದ್ದ ತೆಳು ಹಾಳೆಯೊಂದನ್ನು ಕಿತ್ತೆಸೆದಳು. ಮುಂದಿನ ತಿರುವಿಗೆ ಇನ್ನೊಂದು. ಅವು ಹೋದರೂ ಪರವಾಗಿಲ್ಲ, ಎಂಟೆಂಟು ಗ್ರಾಂ ಎಂದು ಇರ್ಮಾ ಲೆಕ್ಕ ಹಾಕಿದಳು. ಕರಿಹಲಗೆಯ ಮುಂದೆ ಹಾದುಹೋದಾಗ ನೀವೆಸ್‌ಳ ಕೆಂಪು ಉಡುಪು ಕಾಣುತ್ತಿರಲಿಲ್ಲ. ಸಂಖ್ಯೆಯೂ ಕಾಣುತ್ತಿರಲಿಲ್ಲ. ಇಟ್ಟಿಗೆ ಗೂಡಿನಿಂದ ಎದ್ದುಬಂದ ಒಂದು ಬೊಂಬೆ ಬೈಕಿನ ಮೇಲೆ ಕೂತಂತಿತ್ತು.

ಕೊನೆಯ ಸುತ್ತು. ಮೊದಲ ತಿರುವು ಕೆಸರಿನಲ್ಲಿ, ಎರಡನೆಯದೂ ಕೆಸರಿನಲ್ಲಿ. ಮೂರನೆಯವನಾಗಿದ್ದವನು ಒಳಗಡೆಯಿಂದ ಹತ್ತಿರ ಬರುತ್ತಿದ್ದ. ಸಾಕು ಈಗ ಬಾ ಎಂದು ಇರ್ಮಾ ಬಾಯಲ್ಲೇ ಗೊಣಗುತ್ತಿದ್ದಳು. ಎಷ್ಟು ಸಾಕು ಎಂದು ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಒಂದು ಕಿಲೋ ನೂರು ಗ್ರಾಂ ಮಣ್ಣು ಅಂಗೈಯಲ್ಲಿ ಎಷ್ಟಾಗುತ್ತದೆಂದು ಹೇಳಬಲ್ಲಳು. ಓಡುವ ಹೆಣ್ಣಿನ ಮೈಮೇಲೆ ಎಷ್ಟು ನಿಂತಿದೆಯೆಂದು ಹೇಗೆ ಹೇಳುವುದು.

ಮೂರನೆಯ ತಿರುವಿನ ಬಾಯಲ್ಲಿ ನೀವೆಸ್ ಹೊರಗಿನ ಗೆರೆ ಬಿಟ್ಟಳು. ಇಮ್ಹಾಫ್‌ಗೆ ಅದು ಕಾಣಲಿಲ್ಲ, ಅವನ ಬೆನ್ನ ಹಿಂದೆ ಅದು ನಡೆಯಿತು. ಅವನು ಕೆಸರಿನ ದೊಡ್ಡ ಸುತ್ತು ಹೋದ. ಅವಳು ಒಳಗಿನ ಸಣ್ಣ ಸುತ್ತಿಗೆ, ಗುಂಡಿಯ ಅಂಚಿಗೆ, ಎಡಗಾಲು ನೆಲಕ್ಕೆ ಉಜ್ಜುತ್ತಾ, ಬೈಕನ್ನು ಮಲಗಿಸಿಕೊಂಡೇ ನುಗ್ಗಿದಳು. ನಾಲ್ಕನೆಯ ತಿರುವಿನಿಂದ ಇಬ್ಬರೂ ಒಟ್ಟಿಗೆ ಹೊರಬಂದರು, ಅವನು ಬೇಲಿಯ ಕಡೆ, ಅವಳು ಹುಲ್ಲಿನ ಕಡೆ. ಗುರಿ ನೂರಿಪ್ಪತ್ತು ಮೀಟರು. ಗಟ್ಟಿ ನೆಲ ಸಿಕ್ಕ ಜರಡಿಯ ಹಿಂದಿನ ಚಕ್ರ ಒಮ್ಮೆ ಕಚ್ಚಿತು. ಬಾವುಟದವನು ಎರಡೂ ಕೈ ಎತ್ತಿದ, ಒಂದು ಬೆರಳು ಹುಲ್ಲಿನ ಕಡೆಗೆ ತೋರಿಸಿದ.

ಅರ್ಧ ಚಕ್ರ. ನೀವೆಸ್.

ಡಾರ್ಡೊ ಅಳುತ್ತಾ ಯಾರನ್ನೋ ತಬ್ಬಿಕೊಂಡಿದ್ದ. ಇರ್ಮಾ ಆಗಲೇ ತೂಕದ ಕಡೆ ಓಡುತ್ತಿದ್ದಳು, ಅರವತ್ತೆರಡರ ಮಂಡಿಯಲ್ಲಿ ಎಷ್ಟು ಓಡಬಹುದೋ ಅಷ್ಟು. ಗೆದ್ದವರು ಹಾಕುವ ಮೆರವಣಿಗೆಯ ಸುತ್ತನ್ನು ನೀವೆಸ್ ನಡೆಯುವ ವೇಗದಲ್ಲಿ ಮುಗಿಸಿದಳು. ಬೈಕು ಕೆಟ್ಟಿದೆಯೆಂದು ಜನ ಅಯ್ಯೋ ಎಂದರು. ಅವಳು ಕೈ ಕೂಡ ಎತ್ತಲಿಲ್ಲ.

ತೂಕದ ಮನುಷ್ಯ ಕ್ವಿಂತೊ ಮರೇಗಾ. ಮೂವತ್ತು ವರ್ಷ ಸಹಕಾರ ಸಂಘದಲ್ಲಿ ಜೋಳದ ಮೂಟೆ ತೂಗಿದವನು, ಅದೇ ಹಳೆಯ ಹಲಗೆ ತೂಕವನ್ನು ಪಂದ್ಯಕ್ಕೂ ತರುತ್ತಿದ್ದ. ಕೆಳಗೆ ಅಗಲದ ಹಲಗೆ, ಮೇಲೆ ಗೀರು ಹಾಕಿದ ಕೋಲು, ಕೋಲಿನ ಮೇಲೆ ಸರಿಸುವ ಗುಂಡು. ಮೂರನೆಯವನನ್ನು ಮೊದಲು ತೂಗುವುದು, ಆಮೇಲೆ ಎರಡನೆಯವನು, ಕೊನೆಗೆ ಗೆದ್ದವರು; ಇದು ಅವನ ಪದ್ಧತಿ. ಬದಲಿಸು ಎಂದರೆ ಬದಲಿಸುವವನಲ್ಲ.

ಮೂರನೆಯವನ ಬ್ರೇಕಿನ ತಂತಿ ಸಿಕ್ಕಿಕೊಂಡು ಹಲಗೆ ಹತ್ತಿಸುವುದಕ್ಕೇ ಐದು ನಿಮಿಷ ಹಿಡಿಯಿತು. ಉತ್ತರದ ಗಾಳಿ ಬಿಡದೆ ಬೀಸುತ್ತಿತ್ತು. ನೀವೆಸ್‌ಳ ಭುಜದ ಮೇಲಿನ ಕೆಸರು ಒಣಗಿ ಬಿಳಿಯಾಗತೊಡಗಿತು, ಬಿಳಿಯಾದದ್ದು ಬಿರಿಯತೊಡಗಿತು. ನೀರು ಆರಿದರೂ ತೂಕ ಹೋಯಿತು, ಮಣ್ಣು ಉದುರಿದರೂ ಹೋಯಿತು. ಇರ್ಮಾ ಹಗ್ಗದ ಈಚೆ ನಿಂತಿದ್ದಳು. ಹಗ್ಗ ದಾಟುವಂತಿರಲಿಲ್ಲ.

"ನೀವೆಸ್," ಎಂದಳು ಮೆಲ್ಲಗೆ. "ಉಸಿರಾಡು. ಮಿಕ್ಕಿದ್ದೇನೂ ಮಾಡ್ಬೇಡ."

"ಮೂಗು ತುರಿಸ್ತಿದೆ ಅತ್ತೆ."

"ತುರಿಸ್ಲಿ."

ಡಾರ್ಡೊ ನೀರಿನ ಬಾಟಲಿ ಹಿಡಿದು ಓಡಿಬಂದ. ಹೆಂಡತಿ ಬಾಯಾರಿ ಸಾಯುತ್ತಿದ್ದಾಳೆಂದು ಹಗ್ಗದ ಮೇಲಿನಿಂದ ಕೈ ಚಾಚಿದ. ಇರ್ಮಾ ಅವನ ಮುಂಗೈ ಹಿಡಿದಳು. ಕುಡಿಸಿದರೆ ತೂಕ ಏರಿಸಿದಂತೆ, ಅಲ್ಲೇ ಹೊರಗೆ ಹಾಕುತ್ತಾರೆ ಎಂದು ಹಲ್ಲು ಕಚ್ಚಿ ಹೇಳಿದಳು. ನೀವೆಸ್ ಬಾಟಲಿಯನ್ನು ನೋಡಿದಳು, ಕಣ್ಣು ಮುಚ್ಚಿಕೊಂಡಳು. ಅವಳ ಮೊಣಕೈಯಿಂದ ನಿಂಬೆಹಣ್ಣಿನಷ್ಟು ಹೆಂಟೆಯೊಂದು ಕಳಚಿ ನೆಲಕ್ಕೆ ಬಿತ್ತು. ಎಂಬತ್ತು ಗ್ರಾಂ, ಎಂದು ಇರ್ಮಾಗೆ ಅನ್ನಿಸಿತು. ತೊಂಬತ್ತೂ ಇರಬಹುದು.

ಇಮ್ಹಾಫ್‌ನ ತೂಕ ನೂರೈವತ್ತೆರಡು. ಅವನು ಇಳಿದ. ಕಾವಲಿನವನು ಆಗಲೇ ಬಂದು ಸೀಸದ ಗಟ್ಟಿಯನ್ನು ಕ್ವಿಂತೊನ ಮೇಜಿನ ಮೇಲೆ ಇಟ್ಟಿದ್ದ. ಕ್ವಿಂತೊ ಅದನ್ನು ನೋಡಿದ, ಇರ್ಮಾಳ ಮುಖ ನೋಡಿದ.

"ಇದು ನಿಂದೇ ಅಲ್ವಾ ಇರ್ಮಾ?"

"ನಂದೇ."

"ಬಿದ್ದಿದ್ದನ್ನ ಲೆಕ್ಕಕ್ಕೆ ತಗೊಳ್ಳಕ್ಕಾಗಲ್ಲ."

"ತಗೋ ಅಂತ ನಾನು ಕೇಳಿದ್ನಾ?"

ಯಾರೋ ಗ್ಯಾರೇಜಿನವನು, ಮಣ್ಣು ಕೆರೆದು ತೂಗಿ ಎಂದ. ಕ್ವಿಂತೊ ಅವನ ಕಡೆ ತಿರುಗಲೂ ಇಲ್ಲ. ಹೇಗೆ ಬಂದರೋ ಹಾಗೆ ಎಂದು ನಿಯಮದಲ್ಲಿದೆ, ಕೆರೆದು ಎಂದಿಲ್ಲ. ಹಲಗೆಯ ಮೇಲೆ ಬಿದ್ದ ಮಣ್ಣು ತೂಕಕ್ಕೆ ಸೇರಿತು, ನೆಲಕ್ಕೆ ಬಿದ್ದದ್ದು ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಗುಂಡನ್ನು ನೂರನಲವತ್ತರ ಗೀರಿಗೆ ಸರಿಸಿದ. ಕೋಲು ಮೇಲೆದ್ದರೆ ಪಟ್ಟ. ಕೆಳಗೇ ಮಲಗಿದ್ದರೆ ಇಮ್ಹಾಫ್‌ಗೆ.

ಜರಡಿ ಹಲಗೆ ಹತ್ತಿತು. ನೀವೆಸ್ ಅದರ ಮೇಲೆ ಕಲ್ಲಿನಂತೆ ಕೂತಳು. ಕೋಲು ನಡುಗಿತು. ಏಳಲಿಲ್ಲ. ಮತ್ತೆ ನಡುಗಿತು. ಗಾಳಿ ಹಲಗೆಯನ್ನೇ ತಳ್ಳುತ್ತಿದೆ ಎಂದ ಕ್ವಿಂತೊ, ಉತ್ತರದ ಕಡೆ ಬಂದು ಅಡ್ಡ ನಿಲ್ಲಿ ಎಂದು ಜನರನ್ನು ಕರೆದ. ಎಂಟು ಹತ್ತು ಜನ ಬಂದು ಭುಜಕ್ಕೆ ಭುಜ ಕೊಟ್ಟು ಗೋಡೆಯಂತೆ ನಿಂತರು. ಎಲ್ಲರಿಗಿಂತ ಅಗಲದ ಬೆನ್ನು ಇಮ್ಹಾಫ್‌ನದು. ಅವನೂ ನಿಂತ.

ಗಾಳಿ ತಪ್ಪಿತು. ಕೋಲು ಒಂದು ಕ್ಷಣ ಯಾವ ಕಡೆಗೂ ಹೋಗದೆ ನಿಂತಿತು. ಆಮೇಲೆ ಬಹಳ ನಿಧಾನವಾಗಿ, ನಿದ್ದೆಯಿಂದ ಏಳುವವರ ಹಾಗೆ, ತುದಿ ಎತ್ತಿತು. ಕ್ವಿಂತೊ ಗುಂಡನ್ನು ಒಂದು ಗೀರು ಮುಂದೆ ತಳ್ಳಿದ. ಇನ್ನೂ ಮೇಲೇ ಇತ್ತು. ಮತ್ತೊಂದು ಗೀರಿಗೆ ಸಮವಾಯಿತು.

"ನೂರನಲವತ್ತು ಕಿಲೋ ಇನ್ನೂರು ಗ್ರಾಂ," ಎಂದ. "ಪುಯೆರ್ತೊ ಸೌಸೆ."

ಗದ್ದಲದಲ್ಲಿ ಇರ್ಮಾಗೆ ಏನೂ ಕೇಳಲಿಲ್ಲ. ಯಾರೋ ಅವಳನ್ನು ಎತ್ತಿದರು, ಯಾರೋ ಇಳಿಸಿದರು. ಎದುರಿಗೆ ಇಮ್ಹಾಫ್ ನಿಂತಿದ್ದ. ಸೋತ ಮುಖವೇ, ಆದರೆ ಕಣ್ಣು ಆಗಲೇ ಕೆಲಸಕ್ಕೆ ಇಳಿದಿತ್ತು.

"ದೋನ್ಯಾ ಇರ್ಮಾ, ಒಂದು ಹೇಳಿ. ಹೊರಗಡೆ ಹೋದ್ರೆ ಎಷ್ಟು ಲಾಭ ಆಗತ್ತೆ?"

"ಒಂದು ಕಿಲೋ ಮುನ್ನೂರು," ಎಂದಳು ಇರ್ಮಾ.

ಅವನು ತಲೆಯಾಡಿಸಿ, ಅದನ್ನು ನೆನಪಿಟ್ಟುಕೊಳ್ಳುವವನಂತೆ ತುಟಿ ಅಲ್ಲಾಡಿಸುತ್ತಾ ಹೋದ.

ನೀವೆಸ್ ಇನ್ನೂ ಬೈಕಿನ ಮೇಲೆಯೇ ಇದ್ದಳು. ಇಳಿಯಬಹುದೆಂದು ಯಾರೂ ಹೇಳಿರಲಿಲ್ಲ. ಕ್ವಿಂತೊ ಸೀಸದ ಗಟ್ಟಿಯನ್ನು ಇರ್ಮಾಳ ಕೈಗೆ ಕೊಟ್ಟ. ಮುರಿದ ಬೋಲ್ಟಿನ ಅರ್ಧ ಅದರಲ್ಲೇ ಸಿಕ್ಕಿಕೊಂಡಿತ್ತು, ಮುರಿದ ಬಾಯಲ್ಲಿ ಒಂದು ದುಂಡು ತೂತು ಇಣುಕುತ್ತಿತ್ತು. ಇರ್ಮಾ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಸುಮ್ಮನಿರಬಹುದಿತ್ತು. ಎರಡು ವರ್ಷ ಗ್ರಾಮುಗ್ರಾಮಿಗೂ ಲೆಕ್ಕ ಕೊಟ್ಟವಳು ಹಾಗೆ ಮಾಡಲಾರಳು. ಸೊಸೆಯ ಮುಂದೆ ಹಿಡಿದಳು.

"ನಂದೇ ತಪ್ಪು. ಶನಿವಾರ ಕೊರೆದೆ."

ನೀವೆಸ್ ಬೋಲ್ಟು ನೋಡಿದಳು. ತೂತಿಗೆ ಕಣ್ಣಿಟ್ಟು ಆಚೆಗೆ ಬೆಳಕು ಕಾಣುತ್ತದೆಯೇ ಎಂದು ನೋಡಿದಳು. ಕಂಡಿತು.

"ಎಷ್ಟು ಉಳೀತು ಅತ್ತೆ?"

"ಒಂಬತ್ತು ಗ್ರಾಂ."

ನೀವೆಸ್‌ಳ ಮುಖದ ಮೇಲಿನ ಒಣ ಜೇಡಿಯಲ್ಲಿ ಬಾಯಿಯ ಪಕ್ಕ ಮೊದಲು ಒಂದು ಬಿರುಕು ಬಿಟ್ಟಿತು, ಆಮೇಲೆ ಇನ್ನೊಂದು. ಅವಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಬೈಕಿನ ಹಿಡಿಯ ಮೇಲೆ ಬಗ್ಗಿ, ತಡೆಯಲಾರದೆ ನಕ್ಕಳು. ಕೆನ್ನೆಯಿಂದ, ಭುಜದಿಂದ, ಎದೆಯಿಂದ ಮಣ್ಣಿನ ಹೆಂಟೆಗಳು ಕಳಚಿ ಕಳಚಿ ಬಿದ್ದವು. ಇರ್ಮಾ ಗಾಬರಿಯಿಂದ ಎರಡೂ ಕೈ ಚಾಚಿ ಹಿಡಿಯಲು ಹೋದಳು.

"ಬಿಡು ಇರ್ಮಾ," ಎಂದ ಕ್ವಿಂತೊ, ಬರೆದ ಚೀಟಿಗೆ ಸಹಿ ಹಾಕುತ್ತಾ. "ಇನ್ನು ಉದುರ್ಲಿ."